ಹತ್ತು ನಿಮಿಷದ ಹನ್ನೆರಡು ವೋಲ್ಟ್

ಗುರುಪಾದಪ್ಪನವರ ಹೃದಯದ ಬ್ಯಾಟರಿ ಸಂಜೆಯವರೆಗೆ ಬಾಳುವಂತಿರಲಿಲ್ಲ. ಹೊಸದನ್ನು ಕೂರಿಸುವ ಹತ್ತು ನಿಮಿಷ ಹೃದಯ ನಡೆಯುವುದು ಮೇಜಿನ ಮೇಲಿನ ಪವರ್ ಸಪ್ಲೈ ಪೆಟ್ಟಿಗೆಯಿಂದ. ಗದಗ ಬಸ್ ನಿಲ್ದಾಣದ ಹಿಂದಿನ ಆ ರಿಪೇರಿ ಅಂಗಡಿಯಲ್ಲಿ ಇವತ್ತು ಅದೇ ಕೆಟ್ಟಿತ್ತು.

"ಮುಳ್ಳು ಹನ್ನೆರಡು ತೋರಸ್ತೈತಲ್ರೀ ಅಕ್ಕಾರ?" ಗುರುಪಾದಪ್ಪ ಅದರ ಮೀಟರಿನತ್ತ ಬೆರಳು ತೋರಿದರು.

"ಕೆಲಸ ಇಲ್ದಾಗ ನಿಮ್ಮಂಗ ಅದೂ ಗಟ್ಟಿ ಇರತೈತ್ರೀ," ಎನ್ನುತ್ತ ಅಂಗಡಿ ನಡೆಸುವ ನೀಲವ್ವ ಕಾರಿನ ಹೆಡ್‌ಲೈಟ್ ಬಲ್ಬನ್ನು ಅದಕ್ಕೆ ಜೋಡಿಸಿದರು. ಬಲ್ಬು ಮಂಕಾಗಿ ಹೊತ್ತಿತು, ಮುಳ್ಳು ಒಂಬತ್ತಕ್ಕೆ ಇಳಿಯಿತು.

ಅವರು ಮುಚ್ಚಳ ಬಿಚ್ಚಿದರು. ಕೆಟ್ಟರೆ ಉಬ್ಬುವ ಕೆಪಾಸಿಟರ್‌ಗಳಲ್ಲಿ ಯಾವುದೂ ಉಬ್ಬಿರಲಿಲ್ಲ. ಬಲ್ಬು ಉರಿಯುತ್ತಿದ್ದಾಗಲೇ ಒಳಗಿನ ಬೋರ್ಡಿನಲ್ಲಿ ಅಳೆದರು: ಹನ್ನೆರಡು. ತಂತಿ ಸಿಕ್ಕಿಸುವ ಹೊರಗಿನ ಕೆಂಪು ತಿರುಪಿನಲ್ಲಿ ಅಳೆದರು: ಒಂಬತ್ತು. ಹಾಗಾದರೆ ದೋಷ ಇವೆರಡರ ನಡುವಿನ ಗೇಣುದ್ದದ ತಂತಿಯಲ್ಲಿದೆ. ತಿರುಪಿನ ಬುಡದ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಪ್ಲಗ್ ಕಿತ್ತು, ಹಳೆಯ ಸೀಸ ತೆಗೆದು ಹೊಸದಾಗಿ ಬೆಸೆದರು. ಈ ಬಾರಿ ಬಲ್ಬು ಕಣ್ಣು ಕುಕ್ಕುವಂತೆ ಹೊತ್ತಿತು.

ಗುರುಪಾದಪ್ಪ ಅಂಗಿಯ ಗುಂಡಿಗೆ ಕೈಹಾಕಿದರು.

"ತಡೀರಿ. ರಿಪೇರಿ ಮಾಡಿದವರು ಮೊದಲು ತಮ್ಮ ಎದಿಗೆ ಹಚ್ಚಿ ನೋಡಬೇಕು. ಇದು ನಮ್ಮ ಅಂಗಡಿ ಪದ್ಧತಿ."

"ನಿಮಗೇನರ ಆದ್ರ?"

"ಮುಳ್ಳು ಹನ್ನೊಂದಕ್ಕ ಇಳಿದ್ರ ನನ್ನ ಬ್ಯಾಟರಿ ತಿರುಗಿ ಸಿಗಿಸ್ರಿ. ಮಾತಾಡಬ್ಯಾಡ್ರಿ, ಅದನ್ನಷ್ಟ ನೋಡ್ರಿ."

ನೀಲವ್ವ ಪವರ್ ಸಪ್ಲೈಯ ತಂತಿಯನ್ನು ಎದೆಗೆ ಸಿಕ್ಕಿಸಿಕೊಂಡು, ತಮ್ಮ ಬ್ಯಾಟರಿಯನ್ನು ಕಿತ್ತು ಗುರುಪಾದಪ್ಪನವರ ಕೈಯಲ್ಲಿಟ್ಟರು.