ಬಣ್ಣದ ಕಾರ್ಖಾನೆಯ ಮಲ್ಲಿಗೆ

ಮುಚ್ಚಿಹೋದ ಬಣ್ಣದ ಕಾರ್ಖಾನೆಯ ಅಂಗಳದಲ್ಲಿ ಮಲ್ಲಿಗೆ ಯಾವಾಗಲೂ ನೀಲಿಯಾಗಿಯೇ ಅರಳುತ್ತಿತ್ತು. ನೆಲದ ವಿಷ ಹೀರಲೆಂದೇ ಆ ಗಿಡಗಳನ್ನು ನೆಟ್ಟಿದ್ದರು. ಕಿತ್ತ ಮೇಲೂ ಬಾಡುವ ತನಕ ಆ ಹೂವು ವಿಷ ಎಲ್ಲಿದ್ದರೂ ಹೀರಿ ನೀಲಿಯಾಗುತ್ತಿತ್ತು. ಚಿಕ್ಕತಾಯಮ್ಮ ವರ್ಷಗಳಿಂದ ಬರಿಗೈಯಲ್ಲೇ ಹೂ ಬಿಡಿಸಿ ಡ್ರಮ್ಮಿಗೆ ತುಂಬುತ್ತಿದ್ದಳು. ಕೈಗವಸು ಹಾಕಿಕೊಂಡರೆ ಮಲ್ಲಿಗೆ ನಲುಗುತ್ತದೆ ಎನ್ನುವುದು ಅವಳ ವಾದ.

ಇವತ್ತು ಬೆಳಿಗ್ಗೆ ಗಿಡದ ತುಂಬ ಬಿಳಿ ಹೂ.

“ನೆಲ ಶುದ್ಧ ಆಯ್ತು ಕಣಮ್ಮ. ನಾಳೆಯಿಂದ ಕೆಲ್ಸ ಇಲ್ಲ. ಮೊದ್ಲ ಬಿಳಿ ಹೂ ನೀನೇ ಮುಡ್ಕೊ,” ಎಂದ ಸೂಪರ್‌ವೈಸರ್ ನಾಗಸುಂದರ.

“ಸರಿ ಸಾ,” ಎಂದು ಮುಡಿದುಕೊಂಡಳು. ಖುಷಿಯೂ ಆಗಲಿಲ್ಲ, ಬೇಜಾರೂ ಆಗಲಿಲ್ಲ. ಬುಟ್ಟಿಗಳನ್ನೆಲ್ಲ ತೊಳೆದು ಬೋರಲು ಹಾಕಿದಳು.

ಸಂಜೆ ಗೇಟಿನ ಕಾವಲುಗಾರ ಅವಳ ತಲೆ ನೋಡಿ ತಡೆದ. “ನೀಲಿ ಹೂ ಆಚೆ ತಕ್ಕೊಂಡೋಗಂಗಿಲ್ಲ, ಗೊತ್ತಲ್ಲಕ್ಕ?”

“ಮುಡಿಯೋವಾಗ ಬೆಳ್ಳಗಿತ್ತು,” ಎನ್ನುತ್ತಾ ತೆಗೆದು ನೋಡಿದಳು. ಅಂಗಳದಲ್ಲಿ ಎಂದೂ ಅರಳದಷ್ಟು ಕಡು ನೀಲಿ. ಹೂವನ್ನು ಗೇಟಿನ ಪಕ್ಕದ ಡ್ರಮ್ಮಿಗೆ ಹಾಕಿ, ಅಭ್ಯಾಸದಂತೆ ಮುಚ್ಚಳ ಬಿಗಿದಳು.

ಕಾವಲುಗಾರ ಮುಚ್ಚಳವನ್ನು ಇನ್ನೊಮ್ಮೆ ಒತ್ತಿ ನೋಡಿದ. ಆಮೇಲೆ ಗೇಟು ತೆರೆದು ಅವಳನ್ನು ಹೊರಗೆ ಬಿಟ್ಟ.