ಮುಖ ನೋಡಿ ತಿಳಿಯುವವರು

ಪರೀಕ್ಷೆ ಕೆಲಸಕ್ಕೆಂದು ಗುರುತಿಲ್ಲದ ಊರಿಗೆ ಬಂದು ಲಾಡ್ಜಿನಲ್ಲಿ ಇಳಿದಿದ್ದ ಮೇಷ್ಟ್ರು, ಬೆಳಿಗ್ಗೆ ತಿಂಡಿ ಮುಗಿಸಿದವರೇ ಹೆಂಡತಿಗೆ ಫೋನ್ ಮಾಡಿದರು. ದನಿಯಲ್ಲಿ ಹೊಸ ಅಳಿಯನ ಗತ್ತು.

"ಲಾಡ್ಜು ಅಂದ್ರೆ ಇದು ಕಣೇ! ಈ ಊರಿಗೆ ನಾನು ಬಂದಿರೋದೇ ಮೊದಲ ಸಲ. ಆದ್ರೂ ನಿನ್ನೆ ರೂಮಿಗೆ ಕಾಲಿಟ್ರೆ, ಕೇಳೋಕೆ ಮುಂಚೇನೇ ಹಾಸಿಗೆ ಮೇಲೆ ಎರಡು ದಿಂಬು!"

"ಹೂಂ."

"ಈಗ ಉಪ್ಪಿಟ್ಟು ಬಂತು. ನಾನು ಆರಿಸಿ ಆರಿಸಿ ತಟ್ಟೆ ಅಂಚಿಗಿಡೋ ಹಸಿಮೆಣಸಿನಕಾಯಿ ಒಂದೂ ಇಲ್ಲ. 'ಹೇಗಪ್ಪಾ ಗೊತ್ತಾಯ್ತು?' ಅಂತ ಮ್ಯಾನೇಜರನ್ನ ಕೇಳಿದೆ. 'ಗಿರಾಕಿ ಮುಖ ನೋಡಿದ್ರೆ ತಿಳಿಯುತ್ತೆ ಸಾರ್' ಅಂದ."

"ಓಹೋ, ಹಾಗಂದ್ನಾ?"

"ಮತ್ತೆ? ನೀನೂ ಇಪ್ಪತ್ತೆರಡು ವರ್ಷದಿಂದ ಇದೇ ಮುಖ ನೋಡ್ತಿದ್ದೀಯ. ಆದ್ರೂ ಮನೇಲಿ ಒಂದು ಲೋಟ ನೀರು ಬೇಕಂದ್ರೂ ಮೂರು ಸಲ ಕೂಗಬೇಕು. ಬಂದವರನ್ನ ನೋಡ್ಕೊಳ್ಳೋದು ಹೇಗೆ ಅಂತ ಇವರ ಹತ್ರ ಕಲೀಬೇಕು ನೀನು."

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು.

"ಆಯ್ತು, ಕಲೀತೀನಿ. ಕೊರತೆ ಏನೂ ಇಲ್ಲ ತಾನೆ?"

"ಇಷ್ಟೆಲ್ಲ ಮಾಡಿದವರ ಮೇಲೆ ಕೊರತೆ ಹೇಳಬಾರದು. ಕಾಫಿಗೆ ಮಾತ್ರ ಸಕ್ಕರೆ ಹಾಕಿದ್ರು, ಅಷ್ಟೇ."

"ಸಕ್ಕರೇನಾ? ಬೆಲ್ಲ ಅಂತ ಫೋನಲ್ಲಿ ಎರಡೆರಡು ಸಲ ಹೇಳಿ ಬರೆಸಿದ್ದೆನಲ್ರೀ ಆ ಮ್ಯಾನೇಜರ್ ಕೈಲಿ!"