ಟ್ಯಾಂಕಿನ ಪಕ್ಕದ ಸ್ಪ್ಯಾನರ್

“ಸಾಯಬೇಕು ಅಂತ ಮಹಡಿ ಹತ್ತಿದವನು ಸ್ಪ್ಯಾನರ್ ಯಾಕೆ ತಗೊಂಡು ಹೋಗ್ತಾನೆ? ಕಾಲೇಜಲ್ಲಿ ತರ್ಕ ಪಾಠ ಮಾಡೋಳು ನೀನು. ಹೇಳು.”

ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ. ಅತ್ತೆ ಮತ್ತೆ ಅಲ್ಲಿಂದಲೇ ಶುರುಮಾಡಿದ್ದರು.

“ಹೋಗಲ್ಲ, ಅತ್ತೆ.”

“ಮತ್ತೆ? ಪೈಪು ಬಿಗಿ ಮಾಡೋಕೆ ಹೋದ, ಕಾಲು ಜಾರಿತು. ಅಷ್ಟೇ. ಕಾಫಿ ಕುಡಿ, ಆರ್ತಾ ಇದೆ.”

ಪೊಲೀಸರೂ ಇದನ್ನೇ ಒಪ್ಪಿದ್ದರು. ಟ್ಯಾಂಕಿನ ಪೈಪು ಬಹಳ ದಿನದಿಂದ ಸೋರುತ್ತಿತ್ತು. ಅದರ ಪಕ್ಕದಲ್ಲೇ ಸ್ಪ್ಯಾನರ್ ಬಿದ್ದಿತ್ತು. ನಟ್ಟು ಮಾತ್ರ ಮಿಸುಕಿರಲಿಲ್ಲ. ಅಂದರೆ, ಕೆಲಸ ಶುರುಮಾಡುವ ಮೊದಲೇ ಬಿದ್ದಿದ್ದಾನೆ. ಅವಳು ಈ ವಾದವನ್ನು ತಿರುವಿ ಮುರುವಿ ನೋಡಿದ್ದಳು. ಎಲ್ಲೂ ಬಿರುಕಿರಲಿಲ್ಲ.

ಇರುವುದು ಅವಳಿಗೆ ಬೇಕೂ ಇರಲಿಲ್ಲ. ಆ ದಿನ ಕಾಲೇಜಿಗೆ ಹೊರಡುವಾಗ, ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದ ಗಂಡನಿಗೆ, ಚಪ್ಪಲಿ ಮೆಟ್ಟುತ್ತಲೇ ಅವಳು ಹೇಳಿದ್ದಳು: “ನೀವಿದ್ರೂ ಒಂದೇ, ಇಲ್ದಿದ್ರೂ ಒಂದೇ.” ಅತ್ತೆ ಅಲ್ಲೇ ಬಟ್ಟೆ ಮಡಚುತ್ತಿದ್ದರು. ತಲೆ ಎತ್ತಿರಲಿಲ್ಲ.

ಅವನು ಜಾರಿ ಬಿದ್ದಿದ್ದರೆ, ಅದು ಬರೀ ಮಾತು. ಇಲ್ಲವಾದರೆ?

ಸ್ಪ್ಯಾನರಿನ ಹಿಡಿಗೆ ಕೆಂಪು ಬಣ್ಣ ಬಳಿದಿತ್ತು. ಬೀದಿ ತಿರುವಿನ ಗ್ಯಾರೇಜಿನ ಗುರುತು ಅದು.

“ಇದನ್ನ ಕೊಟ್ಟು ಬರ್ತೀನಿ. ಅವರು ಕಡ ತಂದಿದ್ದು ಮನೇಲಿರೋದು ಬೇಡ.”

“ಗ್ಯಾರೇಜಿನವನಿಗೇನು ಅವಸರ? ಇಡು, ನಾನೇ ಕೊಡ್ತೀನಿ.”

“ಆವತ್ತು ಮಹಡಿ ಹತ್ತಿದ್ದಕ್ಕೇ ಇನ್ನೂ ಕುಂಟ್ತಾ ಇದ್ದೀರಿ. ಸುಮ್ನೆ ಕೂತ್ಕೊಳ್ಳಿ.”

ಅತ್ತೆ ಬಾಯಿ ತೆರೆದರು. ಅಷ್ಟರಲ್ಲಿ ಅವಳು ಸ್ಪ್ಯಾನರ್ ಹಿಡಿದು ಹೊರಟಾಗಿತ್ತು.

ಮೆಕ್ಯಾನಿಕ್ ಕಾರಿನಡಿಯಿಂದ ತೆವಳಿಕೊಂಡು ಹೊರಬಂದ. ಎಣ್ಣೆಗೈಯನ್ನು ಪ್ಯಾಂಟಿಗೇ ಒರೆಸಿಕೊಂಡ.

“ಮಣ್ಣಿಗೆ ಬರೋಕಾಗ್ಲಿಲ್ಲಮ್ಮ. ಆವತ್ತು ಸಂಜೇನೇ ಊರಿಗೆ ಹೋದವನು ನಿನ್ನೆ ಬಂದೆ.”

“ಪರವಾಗಿಲ್ಲ. ಇದು ನಿಮ್ಮದು. ಅವರು ತಂದಿದ್ರು.”

“ಅವರಾ?” ಅವನಿಗೆ ನಗು ಬಂತು, ತಕ್ಷಣ ನುಂಗಿಕೊಂಡ. “ಸ್ಕೂಟರಿಗೆ ಗಾಳಿ ಹೊಡೆಯೋಕೂ ನನ್ನೇ ಕೂಗ್ತಿದ್ರು, ಪಾಪ. ಅವರಿಗ್ಯಾಕಮ್ಮ ಸ್ಪ್ಯಾನರು?”

“ಮತ್ತೆ ಯಾರು ತಂದಿದ್ದು?”

“ನಿಮ್ಮತ್ತೆ. ಆಂಬುಲೆನ್ಸ್ ಈ ತಿರುವು ದಾಟ್ತಿದ್ದ ಹಾಗೇ ಓಡಿ ಬಂದ್ರು. ಯಾಕೆ ಅಂತ ಕೇಳಿದ್ರೆ, ಸೊಸೆ ಬರೋದ್ರೊಳಗೆ ಬೇಕು ಅಂದ್ರು.”